ಪ್ರಾಚೀನ ಗ್ರೀಕ್ ಗೀತಪ್ರಕಾರಗಳು: ವಿಂಗಡಣೆಗೆ ಆಧಾರ ಯಾವುದು?

ಓದಿನಕೋಣೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ತರಗತಿಯ ತೌಲನಿಕ ಕಾವ್ಯಮೀಮಾಂಸೆ ಪತ್ರಿಕೆಗಾಗಿ ಪ್ರಾಚೀನ ಗ್ರೀಕರ ಗೀತಕಾವ್ಯವನ್ನು ಕುರಿತು ಒಂದು ಸೆಮಿನಾರ್ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ನಮ್ಮಲ್ಲಿ ಅನೇಕರಂತೆ ನನಗೂ ಗ್ರೀಕ್ ರುದ್ರನಾಟಕದ ಪರಿಚಯವಾದದ್ದು ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ಮತ್ತು ‘ಪಾರಸಿಕರು’ ಕೃತಿಗಳ ಮೂಲಕ. ನಾಟಕದ ಮೇಳಗೀತೆಗಳ ಹಿಂದಿನ ಪರಂಪರೆ ಯಾವುದೆಂದು ಹುಡುಕುತ್ತ ಹೋಗಿ ಈಗ ಕ್ರಿ.ಪೂ. 7ರಿಂದ 5ನೆಯ ಶತಮಾನದವರೆಗಿನ ಕವಿಗಳ ಬಳಿ ಬಂದು ನಿಂತಿದ್ದೇನೆ.

ನನ್ನ ತೊಡಕು ಇಷ್ಟು. ಒಂದು ಕೈಪಿಡಿ ಈ ಕಾವ್ಯವನ್ನು ‘ಒಬ್ಬರೇ ಹಾಡುವ ಗೀತೆ’ ಮತ್ತು ‘ಮೇಳ ಹಾಡುವ ಗೀತೆ’ ಎಂದು ಎರಡಾಗಿ ಒಡೆಯುತ್ತದೆ. ಇನ್ನೊಂದು ಛಂದಸ್ಸನ್ನು ಹಿಡಿದು ಮೆಲಿಕ್ (ವಾದ್ಯದೊಡನೆ ಹಾಡುವ ಗೀತೆ), ಎಲಿಜಿ, ಅಯಾಂಬಿಕ್ ಎಂದು ಮೂರಾಗಿ ವಿಂಗಡಿಸುತ್ತದೆ. ಮತ್ತೊಂದರಲ್ಲಿ ಪಯಾನ್, ಡಿಥಿರಾಂಬ್, ಎಪಿನಿಕಿಯಾನ್ (ವಿಜಯಗೀತೆ), ಸ್ಕೋಲಿಯಾನ್ ಎಂದು ಹೆಸರುಗಳ ಉದ್ದನೆಯ ಸಾಲೇ ಇದೆ. ಗ್ರೀಕರೇ ಬಳಸುತ್ತಿದ್ದ ವಿಂಗಡಣೆ ಇವುಗಳಲ್ಲಿ ಯಾವುದು? ನಮ್ಮಲ್ಲಿ ಷಟ್ಪದಿ, ರಗಳೆ, ಸಾಂಗತ್ಯ ಎಂದೊಡನೆ ಛಂದಸ್ಸೇ ಕಣ್ಣ ಮುಂದೆ ಬರುತ್ತದೆ. ಪಯಾನ್ ಎಂದರೆ ಅಂಥದೊಂದು ನಿಶ್ಚಿತ ಛಂದಸ್ಸು ಇತ್ತೇ? ಕ್ರೀಡಾಕೂಟದಲ್ಲಿ ಗೆದ್ದವರನ್ನು ಹೊಗಳಿದ ಪಿಂಡಾರನನ್ನೂ ತನ್ನ ಪ್ರೇಮವನ್ನು ಹಾಡಿಕೊಂಡ ಸ್ಯಾಫೋಳನ್ನೂ ಒಂದೇ ಗುಂಪಿಗೆ ಸೇರಿಸುವುದು ಹೇಗೆ ಎಂಬುದೂ ನನಗೆ ಬಗೆಹರಿದಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಹಳೆಹೊತ್ತಗೆ:

ಕೊನೆಯ ಪ್ರಶ್ನೆಯಿಂದಲೇ ತೊಡಗುತ್ತೇನೆ, ಏಕೆಂದರೆ ಉಳಿದವುಗಳ ಗಂಟು ಅಲ್ಲಿಯೇ ಇದೆ. ಪಿಂಡಾರ್ ಮತ್ತು ಸ್ಯಾಫೋ ಒಂದೇ ಗುಂಪಿಗೆ ಸೇರುವುದು ಇಬ್ಬರೂ ತಂತಿವಾದ್ಯದ ಜೊತೆಗೆ ಹಾಡಲೆಂದು ಪದ್ಯ ಕಟ್ಟಿದ್ದರಿಂದ. ಸ್ವಂತ ಭಾವವನ್ನು ತೋಡಿಕೊಂಡರೇ ಇಲ್ಲವೇ ಎಂಬುದು ಈ ವಿಂಗಡಣೆಯಲ್ಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ನವೋದಯದ ಭಾವಗೀತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಆ ಕಾಲಕ್ಕೆ ಹೋದರೆ ಪಿಂಡಾರ್ ಮಾತ್ರವಲ್ಲ, ಆ ಕಾವ್ಯದ ಬಹುಭಾಗವೇ ಅಪರಿಚಿತವಾಗಿ ಕಾಣುತ್ತದೆ.

ಹಾಡುಗಳ ಹೆಸರುಗಳು ಮೂಲತಃ ಸಂದರ್ಭಗಳ ಹೆಸರುಗಳು. ಯಾರು, ಎಲ್ಲಿ, ಯಾವ ದೇವತೆಯ ಮುಂದೆ ಅಥವಾ ಯಾವ ಕಾರ್ಯಕ್ಕಾಗಿ ಹಾಡುತ್ತಾರೆ ಎಂಬುದರಿಂದ ಹಾಡಿಗೆ ಹೆಸರು ಬರುತ್ತಿತ್ತು. ಅಪೊಲೊ ದೇವನಿಗೆ, ರೋಗ ಕಳೆಯಲೆಂದೋ ಯುದ್ಧಕ್ಕೆ ಹೊರಡುವಾಗಲೋ ಗೆದ್ದಾಗಲೋ ‘ಇಯೇ ಪಯಾನ್’ ಎಂಬ ಉದ್ಘೋಷದೊಂದಿಗೆ ಹಾಡಿದ್ದು ಪಯಾನ್. ಡಯೊನೈಸಸ್ ದೇವನ ಉತ್ಸವದಲ್ಲಿ ವರ್ತುಲವಾಗಿ ನಿಂತ ಮೇಳ ಹಾಡಿ ಕುಣಿದದ್ದು ಡಿಥಿರಾಂಬ್. ಕನ್ಯೆಯರ ಮೇಳದ್ದು ಪಾರ್ಥೆನಿಯಾನ್, ಮದುವೆಯದು ಹಿಮೆನಾಯೋಸ್, ಸಾವಿನ ಮನೆಯದು ಥ್ರೆನೋಸ್, ದೇವಾಲಯದತ್ತ ಸಾಗುವ ಮೆರವಣಿಗೆಯದು ಪ್ರೊಸೋಡಿಯಾನ್. ಪಾನಗೋಷ್ಠಿಯಲ್ಲಿ ಮಿರ್ಟಲ್ ಗಿಡದ ಕೊಂಬೆಯೊಂದನ್ನು ಹಿಡಿದು ಒಬ್ಬರಾದ ಮೇಲೆ ಒಬ್ಬರು ಹಾಡುತ್ತಿದ್ದ ಪುಟ್ಟ ಪದ್ಯಗಳು ಸ್ಕೋಲಿಯಾನ್. ನಮ್ಮ ಸೋಬಾನೆ ಪದವನ್ನು ಅದರ ಮಟ್ಟಿನಿಂದಲ್ಲ, ಮದುವೆಯ ಮನೆಯಿಂದ ಗುರುತಿಸುವಂತೆಯೇ ಇದೂ ಕೂಡ. ಆದ್ದರಿಂದ ಪಯಾನ್‌ಗೆ ನಿಶ್ಚಿತ ಛಂದಸ್ಸು ಇತ್ತೇ ಎಂಬ ಪ್ರಶ್ನೆಗೆ ಉತ್ತರ: ಇರಲಿಲ್ಲ. ಅದರ ಗುರುತೆಂದರೆ ಆ ಉದ್ಘೋಷ, ಅದೂ ಪೂರ್ತಿ ನಂಬಿಕೆಗೆ ಅರ್ಹವಾದ ಗುರುತಲ್ಲ.

ಡಿಥಿರಾಂಬಿನ ಪ್ರಮಾಣವನ್ನು ಸ್ವಲ್ಪ ಊಹಿಸಿಕೊಳ್ಳಿ. 5ನೆಯ ಶತಮಾನದ ಅಥೆನ್ಸ್‌ನಲ್ಲಿ ಡಯೊನೈಸಸ್ ಮಹೋತ್ಸವಕ್ಕೆ ನಗರದ 10 ಕುಲವಿಭಾಗಗಳು ತಲಾ ಒಂದು ಗಂಡಸರ ಮೇಳವನ್ನೂ ಒಂದು ಹುಡುಗರ ಮೇಳವನ್ನೂ ಕಳುಹಿಸುತ್ತಿದ್ದವು. ಪ್ರತಿ ಮೇಳದಲ್ಲಿ 50 ಜನ. ಒಟ್ಟು 1000 ಮಂದಿ ನಾಗರಿಕರು ಮತ್ತು ಅವರ ಮಕ್ಕಳು ಪದ, ಸ್ವರ, ಹೆಜ್ಜೆ ಮೂರನ್ನೂ ಕಲಿತು ಸ್ಪರ್ಧೆಗೆ ಇಳಿಯುತ್ತಿದ್ದರು. ಪ್ರತಿ ಮೇಳದ ಖರ್ಚು ಸಿರಿವಂತ ನಾಗರಿಕನೊಬ್ಬನ ಪಾಲಿಗೆ ಬರುತ್ತಿತ್ತು. ರುದ್ರನಾಟಕ ಹುಟ್ಟಿದ್ದು ಡಿಥಿರಾಂಬಿನ ಮುಂದಾಳುಗಳಿಂದ ಎಂದು ಅರಿಸ್ಟಾಟಲ್ ‘ಕಾವ್ಯಮೀಮಾಂಸೆ’ಯಲ್ಲಿ ಹೇಳುತ್ತಾನೆ, ಮೇಳಗೀತೆಗಳ ಮೂಲವನ್ನು ಹುಡುಕುತ್ತಿರುವ ನಿಮಗೆ ಆ ವಾಕ್ಯ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಈ ಎಲ್ಲೆಗಳನ್ನು ಗ್ರೀಕರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎಂಬುದಕ್ಕೆ ಎರಡು ಸಾಕ್ಷ್ಯಗಳಿವೆ. ಪ್ಲೇಟೋ ‘ನ್ಯಾಯಸಂಹಿತೆ’ (ಲಾಸ್) ಸಂವಾದದ 3ನೆಯ ಪುಸ್ತಕದಲ್ಲಿ ದೇವತಾಸ್ತೋತ್ರ, ಶೋಕಗಾನ, ಪಯಾನ್, ಡಿಥಿರಾಂಬ್, ನೋಮೋಸ್ (ತಂತಿವಾದ್ಯದೊಡನೆ ಹಾಡುವ ಒಂದು ಪ್ರಕಾರ) ಎಂದು ಹಳೆಯ ಪ್ರಕಾರಗಳನ್ನು ಹೆಸರಿಸಿ, ಹಿಂದೆ ಒಂದರ ರಾಗವನ್ನು ಇನ್ನೊಂದಕ್ಕೆ ಬಳಸುವಂತಿರಲಿಲ್ಲ, ಆಮೇಲೆ ಬಂದ ಕವಿಗಳು ಎಲ್ಲವನ್ನೂ ಕಲಸಿಬಿಟ್ಟರು ಎಂದು ದೂರುತ್ತಾನೆ. ಹಳೆಯದೆಲ್ಲ ಚೊಕ್ಕಟವಾಗಿತ್ತು ಎಂಬ ಅವನ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಪ್ರಕಾರಭೇದ ಅವನ ಮನಸ್ಸಿನಲ್ಲಿ ಸಮಾಜದ ಶಿಸ್ತಿನ ವಿಷಯವಾಗಿತ್ತು ಎಂಬುದು ಸ್ಪಷ್ಟ.

ಎರಡನೆಯದು ಅರಿಸ್ಟಾಟಲನಿಗೇ ಸಂಬಂಧಿಸಿದ್ದು. ಆತ ತನ್ನ ಗೆಳೆಯ, ಅತಾರ್ನಿಯಸ್‌ನ ದೊರೆ ಹರ್ಮಿಯಸ್ ಸತ್ತಾಗ ಸದ್ಗುಣವನ್ನು ಸಂಬೋಧಿಸಿ ಒಂದು ಗೀತೆಯನ್ನು ರಚಿಸಿದ. ದೇವರಿಗೆ ಸಲ್ಲಬೇಕಾದ ಪಯಾನ್ ಅನ್ನು ಮನುಷ್ಯನೊಬ್ಬನಿಗಾಗಿ ಹಾಡಿದ್ದಾನೆ ಎಂದು ಅವನ ವಿರೋಧಿಗಳು ದೇವನಿಂದೆಯ ಆರೋಪ ಹೊರಿಸಿದರು. ಶತಮಾನಗಳ ಅನಂತರ ಅಥೀನಿಯಸ್ ತನ್ನ ಔತಣಗ್ರಂಥದಲ್ಲಿ ಈ ಗೀತೆಯನ್ನು ಪೂರ್ತಿಯಾಗಿ ಉಲ್ಲೇಖಿಸುತ್ತಾನೆ. ಇದರಲ್ಲಿ ಪಯಾನ್‌ಗೆ ವಿಶಿಷ್ಟವಾದ ಉದ್ಘೋಷವೇ ಇಲ್ಲ, ಆದ್ದರಿಂದ ಇದು ಒಂದು ಬಗೆಯ ಸ್ಕೋಲಿಯಾನ್ ಎಂದು ಅಲ್ಲಿನ ಪಾತ್ರವೊಂದು ವಾದಿಸುತ್ತದೆ. ಹಾಡೊಂದು ಯಾವ ಪ್ರಕಾರಕ್ಕೆ ಸೇರುತ್ತದೆ ಎಂಬುದು ಆರೋಪಪಟ್ಟಿಯ ವಿಷಯವಾಗಬಹುದಾಗಿದ್ದ ಸಮಾಜ ಅದು.

ಇನ್ನು ನಿಮ್ಮ ಕೈಪಿಡಿಗಳಲ್ಲಿರುವ ಉದ್ದನೆಯ ಸಾಲಿನ ವಿಷಯ. ಅದು ಬಹುಮಟ್ಟಿಗೆ ಅಲೆಗ್ಸಾಂಡ್ರಿಯದ ಗ್ರಂಥಾಲಯದಲ್ಲಿ ಕ್ರಿ.ಪೂ. 3 ಮತ್ತು 2ನೆಯ ಶತಮಾನದ ವಿದ್ವಾಂಸರು ಸುರುಳಿಗಳನ್ನು ಜೋಡಿಸಿದ ಕ್ರಮ. ಅವರೇ ಒಂಬತ್ತು ಗೀತಕವಿಗಳ ಪಟ್ಟಿಯನ್ನು ಸ್ಥಿರಪಡಿಸಿದರು: ಆಲ್ಕ್‌ಮನ್, ಸ್ಯಾಫೋ, ಆಲ್ಕೀಯಸ್, ಸ್ಟೆಸಿಕೋರಸ್, ಐಬಿಕಸ್, ಅನಾಕ್ರಿಯಾನ್, ಸಿಮೋನಿಡೀಸ್, ಪಿಂಡಾರ್, ಬ್ಯಾಕಿಲಿಡೀಸ್. ಪಿಂಡಾರನ ಕೃತಿಗಳನ್ನು 17 ಪುಸ್ತಕಗಳಾಗಿ ಜೋಡಿಸುವಾಗ ಪಯಾನ್‌ಗಳಿಗೆ ಒಂದು, ಡಿಥಿರಾಂಬ್‌ಗಳಿಗೆ ಎರಡು, ವಿಜಯಗೀತೆಗಳಿಗೆ ನಾಲ್ಕು ಹೀಗೆ ಸಂದರ್ಭವನ್ನೇ ಹಿಡಿದರು. ಸ್ಯಾಫೋಳ ಪದ್ಯಗಳಿಗೆ ಮಾತ್ರ ಬಹುಮಟ್ಟಿಗೆ ಛಂದಸ್ಸನ್ನು ಹಿಡಿದರು. ಮೊದಲ ಪುಸ್ತಕ ಇಡಿಯಾಗಿ ಇಂದು ಅವಳ ಹೆಸರಿನಿಂದಲೇ ಕರೆಯುವ ಪದ್ಯಬಂಧದಲ್ಲಿತ್ತು. ಸಿಮೋನಿಡೀಸನ ವಿಜಯಗೀತೆಗಳನ್ನು ಓಟ, ರಥಸ್ಪರ್ಧೆ ಎಂಬಂತೆ ಕ್ರೀಡೆಯ ಪ್ರಕಾರ ಜೋಡಿಸಿದರೆ ಪಿಂಡಾರನವನ್ನು ಒಲಿಂಪಿಯಾ, ಪೈಥಿಯಾ, ನೆಮಿಯಾ, ಇಸ್ತ್ಮಿಯಾ ಎಂದು ಕ್ರೀಡಾಕೂಟದ ಪ್ರಕಾರ ಜೋಡಿಸಿದರು. ಅಂದರೆ ಅವರಿಗೂ ಒಂದೇ ಆಧಾರ ಇರಲಿಲ್ಲ. ಕವಿಯ ಸುರುಳಿಗಳು ಹೇಗೆ ಸಲೀಸಾಗಿ ಕೂರುತ್ತವೋ ಹಾಗೆ ಕೂರಿಸಿದರು.

ಆ ವಿದ್ವಾಂಸರೇ ಒಬ್ಬರೊಡನೊಬ್ಬರು ಜಗಳವಾಡಿದ ದಾಖಲೆಯೂ ಇದೆ. ಬ್ಯಾಕಿಲಿಡೀಸನ ಒಂದು ಗೀತೆಯನ್ನು ಕಲಿಮಾಕಸ್ ಪಯಾನ್‌ಗಳ ಸಾಲಿಗೆ ಸೇರಿಸಿದ್ದ. ಕಸಾಂಡ್ರಳ ಕಥೆಯನ್ನು ಹೇಳುವುದರಿಂದ ಅದು ಡಿಥಿರಾಂಬ್ ಎಂದೂ ಆ ಉದ್ಘೋಷ ಡಿಥಿರಾಂಬಿನಲ್ಲೂ ಬರುತ್ತದೆಂಬುದನ್ನು ಕಲಿಮಾಕಸ್ ಗಮನಿಸಲಿಲ್ಲವೆಂದೂ ಅರಿಸ್ಟಾರ್ಕಸ್ ತಿದ್ದಿದ. ಈ ಚರ್ಚೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ವ್ಯಾಖ್ಯಾನವೊಂದರ ಚೂರಿನಲ್ಲಿ ಉಳಿದಿದೆ. ಹಾಡು ಕೇಳಿಬರುತ್ತಿದ್ದಾಗ ಅದು ಏನೆಂದು ಯಾರೂ ಕೇಳಬೇಕಾಗಿರಲಿಲ್ಲ. ಕುಣಿತ ನಿಂತು, ಸ್ವರ ಹೋಗಿ, ಬರಿಯ ಮಾತು ಕೈಗೆ ಬಂದಾಗ ಗ್ರೀಕ್ ವಿದ್ವಾಂಸರಿಗೇ ಗೊಂದಲವಾಯಿತು.

ಗುರುಲಘು:

ಹಳೆಹೊತ್ತಗೆಯವರು ಸಂದರ್ಭದ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ಆದರೆ ಛಂದಸ್ಸಿನ ಪಾಲನ್ನು ಅವರು ತುಸು ಬೇಗ ದಾಟಿಬಿಟ್ಟರು ಎಂದು ನನ್ನ ಭಾವನೆ. ಕನ್ನಡ ಓದುಗರಿಗೆ ಗ್ರೀಕ್ ಛಂದಸ್ಸು ಇಂಗ್ಲಿಷ್ ಓದುಗರಿಗಿಂತ ಸುಲಭ. ಇಂಗ್ಲಿಷಿನದು ಒತ್ತಿನ ಛಂದಸ್ಸು. ಗ್ರೀಕಿನದು ನಮ್ಮ ವರ್ಣವೃತ್ತಗಳಂತೆ ಗುರು–ಲಘುಗಳ ಛಂದಸ್ಸು.

ಸ್ಯಾಫೋಳ ಪದ್ಯಬಂಧವನ್ನೇ ನೋಡೋಣ. ಹನ್ನೊಂದು ಅಕ್ಷರಗಳ ಮೂರು ಪಾದ, ಕೊನೆಗೆ ಐದು ಅಕ್ಷರಗಳ ಒಂದು ಚಿಕ್ಕ ಪಾದ. ಅವಳ ಕವಿತೆಗಳಲ್ಲಿ ಇಡಿಯಾಗಿ ಉಳಿದಿರುವುದೆಂದು ಖಚಿತವಾಗಿ ಹೇಳಬಹುದಾದದ್ದು ಆಫ್ರೊಡೈಟಿಯ ಪ್ರಾರ್ಥನೆ. ಹಲಿಕಾರ್ನಾಸಸ್‌ನ ಡಯೊನೀಸಿಯಸ್ ಎಂಬ ಅಲಂಕಾರಶಾಸ್ತ್ರಜ್ಞ ಅದನ್ನು ಉದಾಹರಣೆಯಾಗಿ ಪೂರ್ತಿ ಬರೆದುಕೊಂಡಿದ್ದರಿಂದ ಅದು ಉಳಿಯಿತು. ಅದರ ಮೊದಲ ಪಾದವನ್ನು ಅಕ್ಷರ ಬಿಡಿಸಿ ಬರೆದರೆ ಹೀಗಾಗುತ್ತದೆ:

ಪೊಯ್ – ಕಿ – ಲೊ – ಥ್ರೊ – ನಾ – ಥ – ನ – ತ – ಫ್ರೊ – ದೀ – ತ

ಇದಕ್ಕೆ ಪ್ರಸ್ತಾರ ಹಾಕಿ. ‘ಪೊಯ್’ ವ್ಯಂಜನಾಂತವಾದ್ದರಿಂದ ಗುರು. ‘ಕಿ’ ಲಘು. ‘ಲೊ’ ಹ್ರಸ್ವವಾದರೂ ಮುಂದೆ ‘ಥ್ರೊ’ ಎಂಬ ಒತ್ತಕ್ಷರ ಇರುವುದರಿಂದ ಗುರು. ‘ಫ್ರೊ’ದ ಹಿಂದಿನ ‘ತ’ ಕೂಡ ಅದೇ ಕಾರಣದಿಂದ ಗುರು. ಕೊನೆಯ ‘ತ’ ಹ್ರಸ್ವವಾಗಿದ್ದರೂ ಪಾದಾಂತವಾದ್ದರಿಂದ ಗುರುವೆಂದೇ ಎಣಿಸಬಹುದು. ಪ್ರೌಢಶಾಲೆಯಲ್ಲಿ ನಾವು ಕಲಿತ ನಿಯಮಗಳಲ್ಲಿ ಒಂದನ್ನೂ ಬದಲಾಯಿಸಬೇಕಾಗಿಲ್ಲ. ಗಣ ವಿಂಗಡಿಸಿದರೆ ರ, ಜ, ಜ, ಎರಡು ಗುರು.

ಈ ಪಾದದ ನಾಲ್ಕನೆಯ ಅಕ್ಷರ ಗುರುವೂ ಆಗಬಹುದು, ಲಘುವೂ ಆಗಬಹುದು. ಅದು ಗುರುವಾದಾಗ ವಿನ್ಯಾಸ ರ, ತ, ಜ, ಗುರು, ಗುರು ಎಂದಾಗುತ್ತದೆ. ಇದನ್ನು ನಮ್ಮ ಇಂದ್ರವಜ್ರದ ಪಕ್ಕದಲ್ಲಿಡಿ: ತ, ತ, ಜ, ಗುರು, ಗುರು. ಎರಡನೆಯ ಮತ್ತು ಮೂರನೆಯ ಅಕ್ಷರಗಳ ಗುರು–ಲಘು ಅದಲುಬದಲಾಗಿದೆ, ಉಳಿದ ಒಂಬತ್ತೂ ಒಂದೇ. ಇದು ಬರಿಯ ಕಾಕತಾಳೀಯವಲ್ಲ ಎಂದು ವಾದಿಸಿದವನು ಫ್ರೆಂಚ್ ಭಾಷಾವಿಜ್ಞಾನಿ ಆಂತ್ವಾನ್ ಮೇಯೆ. 1923ರಲ್ಲಿ ಆತ ವೈದಿಕ ತ್ರಿಷ್ಟುಪ್ ಮೊದಲಾದ ಛಂದಸ್ಸುಗಳನ್ನೂ ಲೆಸ್ಬೋಸ್ ದ್ವೀಪದ ಕವಿಗಳಾದ ಸ್ಯಾಫೋ, ಆಲ್ಕೀಯಸ್ ಅವರ ಛಂದಸ್ಸನ್ನೂ ಹೋಲಿಸಿ, ಅಕ್ಷರಸಂಖ್ಯೆ ನಿಶ್ಚಿತವಾಗಿದ್ದು ಪಾದದ ಕೊನೆಯಲ್ಲಿ ಗುರು–ಲಘು ಕ್ರಮ ಗಟ್ಟಿಯಾಗುವ ಪದ್ಧತಿ ಎರಡು ಭಾಷೆಗಳಿಗೂ ಸಮಾನ ಪೂರ್ವಿಕ ಪರಂಪರೆಯಿಂದ ಬಂದದ್ದು ಎಂದ. ವಿವರಗಳಲ್ಲಿ ಭಿನ್ನಾಭಿಪ್ರಾಯಗಳಿವೆ, ಇಂದ್ರವಜ್ರವೇ ಸ್ಯಾಫೋಳ ವೃತ್ತ ಎಂದು ಯಾರಾದರೂ ಹೇಳಿದರೆ ನೀವು ಒಪ್ಪಬೇಡಿ. ಇಂದ್ರವಜ್ರ ತ್ರಿಷ್ಟುಪ್ಪಿನಿಂದ ಬೆಳೆದು ಗಟ್ಟಿಯಾದ ರೂಪ. ಹೋಲಿಕೆ ಇರುವುದು ಬೇರಿನಲ್ಲಿ.

ಮೇಳಗೀತೆಯ ಛಂದಸ್ಸಿನ ರೀತಿ ಬೇರೆ. ಸ್ಯಾಫೋ ಮತ್ತು ಆಲ್ಕೀಯಸ್ ಸಿದ್ಧವಾದ ಚಿಕ್ಕ ಬಂಧವೊಂದನ್ನು ಮತ್ತೆ ಮತ್ತೆ ತುಂಬುತ್ತಾರೆ. ಪಿಂಡಾರ್ ಪ್ರತಿಯೊಂದು ಗೀತೆಗೂ ಹೊಸ ಛಂದಸ್ಸನ್ನೇ ಕಟ್ಟುತ್ತಾನೆ. ಅವನ ವಿಜಯಗೀತೆಗಳಲ್ಲಿ ಎರಡು ಮಾತ್ರ, ಇಸ್ತ್ಮಿಯಾದ 3 ಮತ್ತು 4ನೆಯವು, ಒಂದೇ ಛಂದಸ್ಸಿನಲ್ಲಿವೆ. ರಚನೆ ಸಾಮಾನ್ಯವಾಗಿ ತ್ರಿಕ: ಮೊದಲು ಸ್ಟ್ರೋಫಿ, ಅದರ ಅಕ್ಷರವಿನ್ಯಾಸವನ್ನೇ ಚಾಚೂ ತಪ್ಪದೆ ಅನುಸರಿಸುವ ಆಂಟಿಸ್ಟ್ರೋಫಿ, ಆಮೇಲೆ ಬೇರೆ ವಿನ್ಯಾಸದ ಎಪೋಡ್, ಈ ಮೂರು ಸೇರಿ ಒಂದು ತ್ರಿಕ, ಇಂಥ ತ್ರಿಕಗಳು ಬೇಕಾದಷ್ಟು. ಪೈಥಿಯಾದ 4ನೆಯ ಗೀತೆಯಲ್ಲಿ 13 ತ್ರಿಕಗಳಿವೆ. ನಾಟಕದ ಮೇಳಗೀತೆಗಳಲ್ಲಿ ನೀವು ಕಂಡಿರುವ ಜೋಡಿ ಪದ್ಯಗಳು ಈ ವಂಶದವೇ.

ಓದಿನಕೋಣೆ:

ಇಬ್ಬರಿಗೂ ಕೃತಜ್ಞತೆಗಳು. ಪ್ರಸ್ತಾರ ಹಾಕಿ ತೋರಿಸಿದ್ದು ಬಹಳ ಉಪಯೋಗವಾಯಿತು. ಎರಡು ಸಂಶಯಗಳು ಉಳಿದಿವೆ. ಎಲಿಜಿ ಮತ್ತು ಅಯಾಂಬಿಕ್ ಕವಿಗಳನ್ನು ಒಂಬತ್ತರ ಪಟ್ಟಿಯ ಹೊರಗೆ ಇಟ್ಟದ್ದೇಕೆ? ಹಾಗೆಯೇ ಒಂಟಿಗಾನ–ಮೇಳಗಾನ ಎಂಬ ವಿಂಗಡಣೆಯನ್ನು ಪ್ರಬಂಧದಲ್ಲಿ ಬಳಸಬಹುದೇ, ಕೈಬಿಡಬೇಕೇ?

ತಾಳೆಗರಿ:

ಮೊದಲನೆಯದಕ್ಕೆ ಉತ್ತರ ವಾದ್ಯ ಮತ್ತು ಛಂದಸ್ಸು. ಒಂಬತ್ತು ಮಂದಿಯ ಕಾವ್ಯ ಮುಖ್ಯವಾಗಿ ಲೈರ್, ಬಾರ್ಬಿಟಾಸ್, ಕಿಥಾರಾಗಳಂಥ ತಂತಿವಾದ್ಯಗಳ ಸಂಗಡದ ಹಾಡು. ಮೇಳದ ಹಾಡಿನಲ್ಲಿ ಆಲಾಸ್ ಕೂಡ ಸೇರುತ್ತಿತ್ತು. ಎಲಿಜಿಗೆ ಜೊತೆಯಾದದ್ದು ಆಲಾಸ್. ಅನುವಾದಗಳಲ್ಲಿ ಇದನ್ನು ಕೊಳಲು ಎಂದು ಬರೆಯುವುದುಂಟು, ಅದು ಸರಿಯಲ್ಲ. ಶಹನಾಯಿಯಂತೆ ನಾಲಗೆ ಇರುವ, ಸಾಮಾನ್ಯವಾಗಿ ಎರಡನ್ನು ಒಟ್ಟಿಗೆ ಬಾಯಿಗಿಟ್ಟು ಊದುವ ವಾದ್ಯ ಅದು. ಎಲಿಜಿಯ ಛಂದಸ್ಸು ಮಹಾಕಾವ್ಯದ ಆರು ಗಣಗಳ ಪಾದ, ಅದರ ಕೆಳಗೆ ನಡುವೆ ತಡೆದು ನಿಲ್ಲುವ ಇನ್ನೊಂದು ಗಿಡ್ಡ ಪಾದ, ಹೀಗೆ ಎರಡು ಸಾಲಿನ ಜೋಡಿ. ವಸ್ತು ಯಾವುದೂ ಆಗಬಹುದಿತ್ತು. ಟಿರ್ಟಿಯಸ್ ಸ್ಪಾರ್ಟಾದ ಯೋಧರನ್ನು ಹುರಿದುಂಬಿಸಲು, ಮಿಮ್ನರ್ಮಸ್ ಯೌವನ ಜಾರುವುದನ್ನು ಹಳಹಳಿಸಲು, ಸೋಲನ್ ಅಥೆನ್ಸ್‌ನ ರಾಜಕಾರಣವನ್ನು ನಾಗರಿಕರ ಮುಂದಿಡಲು ಇದನ್ನೇ ಬಳಸಿದರು. ಸಿಮೋನಿಡೀಸ್ ಪ್ಲಾಟಿಯಾ ಯುದ್ಧವನ್ನು ಕುರಿತು ಎಲಿಜಿ ಬರೆದಿದ್ದ. ಅದರ ಗಣನೀಯ ಭಾಗಗಳು 1992ರಲ್ಲಿ ಪ್ರಕಟವಾದ ಪಪೈರಸ್‌ಗಳಿಂದ ತಿಳಿದುಬಂದವು. ಅಯಾಂಬಿಕ್‌ನ ಮುಖ್ಯ ಕವಿ ಪಾರೋಸ್ ದ್ವೀಪದ ಆರ್ಕಿಲೋಕಸ್. ಬೈಗುಳ, ಲೇವಡಿ, ಕಾಮ, ಹಗೆ ಎಲ್ಲವೂ ಅಲ್ಲಿ ಬರುತ್ತವೆ. ಹಗಲಿನ ನಡುವೆ ರಾತ್ರಿಯಾದುದನ್ನು ಆತ ಹಾಡಿದ್ದಾನೆ. ಅದನ್ನು ಸಾಮಾನ್ಯವಾಗಿ ಕ್ರಿ.ಪೂ. 648ರ ಏಪ್ರಿಲ್ 6ರ ಸೂರ್ಯಗ್ರಹಣ ಎಂದು ಗುರುತಿಸುವುದರಿಂದ ಅವನ ಕಾಲವನ್ನು ನಿರ್ಧರಿಸಲು ಒಂದು ಆಧಾರ ಸಿಕ್ಕಿದೆ. ಇಂದಿನ ಕೈಪಿಡಿಗಳು ಎಲಿಜಿ, ಅಯಾಂಬಿಕ್ ಎರಡನ್ನೂ ಗೀತಕಾವ್ಯದ ದೊಡ್ಡ ಕೊಡೆಯ ಕೆಳಗೆ ತರುತ್ತವೆ, ಅಲೆಗ್ಸಾಂಡ್ರಿಯದವರು ತರಲಿಲ್ಲ. ಈ ವ್ಯತ್ಯಾಸವನ್ನು ಪ್ರಬಂಧದ ಆರಂಭದಲ್ಲಿಯೇ ಹೇಳಿಬಿಟ್ಟರೆ ಪರೀಕ್ಷಕರು ಮುಂದೆ ತಕರಾರು ತೆಗೆಯಲಾರರು.

ಎರಡನೆಯದರ ಬಗ್ಗೆ ನನ್ನ ಸಲಹೆ ಎಚ್ಚರಿಕೆಯಿಂದ ಬಳಸಿ ಎಂಬುದು. ಪ್ಲೇಟೋ ಸ್ಪರ್ಧೆಗಳ ಬಗ್ಗೆ ಹೇಳುವಾಗ ಒಂಟಿಗಾನವನ್ನೂ ಮೇಳವನ್ನೂ ಬೇರೆ ಮಾಡುತ್ತಾನೆ ನಿಜ. ಆದರೆ ಕವಿಗಳನ್ನೇ ಎರಡು ಪಂಗಡಗಳಾಗಿ ಒಡೆದು ಗೋಡೆ ಕಟ್ಟಿದ್ದು ಆಧುನಿಕ ಸಾಹಿತ್ಯಚರಿತ್ರೆಕಾರರು. ಸ್ಯಾಫೋಳನ್ನು ಒಂಟಿಗಾನದ ಕಡೆಗೆ ಹಾಕಿದರೆ ಅವಳ ಮದುವೆಯ ಹಾಡುಗಳನ್ನು ಏನು ಮಾಡುವುದು? ಅವುಗಳಲ್ಲಿ ಕೆಲವು ಮೇಳಕ್ಕೆಂದೇ ಕಟ್ಟಿದಂತಿವೆ. ಇತ್ತ ಪಿಂಡಾರನ ವಿಜಯಗೀತೆಗಳನ್ನು ಎಲ್ಲ ಸಲವೂ ಮೇಳವೇ ಹಾಡಿತೇ, ಅಥವಾ ಒಬ್ಬ ಹಾಡುಗಾರ ಹಾಡಿದನೇ ಎಂದು 1980ರ ದಶಕದ ಕೊನೆಯಿಂದ ವಿದ್ವಾಂಸರ ನಡುವೆ ಬಿರುಸಿನ ವಾದ ನಡೆಯಿತು. ಗೀತೆಗಳೊಳಗೆ ‘ನಾನು’ ಎನ್ನುವವನು ಕವಿಯೋ ಮೇಳವೋ ಎಂಬ ಪ್ರಶ್ನೆಯೂ ಅದಕ್ಕೆ ಅಂಟಿಕೊಂಡಿದೆ. ಮೇಳವೆಂದು ಅನುಮಾನವಿಲ್ಲದೆ ಹೇಳಬಹುದಾದದ್ದು ಆಲ್ಕ್‌ಮನ್‌ನ ಪಾರ್ಥೆನಿಯಾನ್. 1855ರಲ್ಲಿ ಈಜಿಪ್ಟಿನ ಸಕ್ಕಾರದ ಬಳಿ ಸಿಕ್ಕಿ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಪಪೈರಸ್‌ನಲ್ಲಿ ಸ್ಪಾರ್ಟಾದ ಕನ್ಯೆಯರು ತಮ್ಮ ಮುಂದಾಳು ಹಗೆಸಿಕೋರಾಳ ಕೂದಲನ್ನೂ ಅಗಿದೋಳ ಕಾಂತಿಯನ್ನೂ ಹೊಗಳುತ್ತ, ತಮ್ಮನ್ನು ತಾವೇ ಕಡಿಮೆ ಮಾಡಿಕೊಂಡು ತಮಾಷೆ ಮಾಡುತ್ತ ಹಾಡುತ್ತಾರೆ. ಅಲ್ಲಿನ ‘ನಾನು’ ಆಲ್ಕ್‌ಮನ್ ಅಲ್ಲವೇ ಅಲ್ಲ, ಹಾಡುತ್ತಿರುವ ಹುಡುಗಿ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಪಿಂಡಾರನ 17 ಪುಸ್ತಕಗಳಲ್ಲಿ ಹಸ್ತಪ್ರತಿಗಳ ಮೂಲಕ ನಮಗೆ ಬಂದದ್ದು ವಿಜಯಗೀತೆಗಳ ನಾಲ್ಕು ಮಾತ್ರ. ಅದರಿಂದಾಗಿ ಮೇಳಗೀತೆಯೆಂದರೆ ವಿಜಯಗೀತೆ ಎಂಬ ಭ್ರಮೆ ಹುಟ್ಟುತ್ತದೆ. ಬ್ಯಾಕಿಲಿಡೀಸ್ ಅಂತೂ 1896ರಲ್ಲಿ ಈಜಿಪ್ಟಿನ ಪಪೈರಸ್ ಸುರುಳಿ ಬ್ರಿಟಿಷ್ ಮ್ಯೂಸಿಯಂಗೆ ಬಂದು ಮರುವರ್ಷ ಫ್ರೆಡರಿಕ್ ಕೆನ್ಯನ್ ಅದನ್ನು ಪ್ರಕಟಿಸುವವರೆಗೆ ಬರಿಯ ಉಲ್ಲೇಖಗಳ ಕವಿಯಾಗಿದ್ದ.

ಸೆಮಿನಾರಿಗೆ ಒಂದೇ ಉದಾಹರಣೆ ಆರಿಸುವುದಾದರೆ ಈಜಿನಾ ದ್ವೀಪದ ಲಾಂಪೋನನ ಮಗ ಪೈಥಿಯಸ್ ನೆಮಿಯಾದ ಪ್ಯಾಂಕ್ರೇಷನ್ ಕಾಳಗದಲ್ಲಿ ಗೆದ್ದ ಪ್ರಸಂಗವನ್ನು ತೆಗೆದುಕೊಳ್ಳಿ. ಒಂದೇ ಗೆಲುವಿಗೆ ಪಿಂಡಾರನ ನೆಮಿಯಾದ 5ನೆಯ ಗೀತೆಯೂ ಬ್ಯಾಕಿಲಿಡೀಸನ 13ನೆಯ ಗೀತೆಯೂ ಇವೆ. ಪಿಂಡಾರ್ ತಾನು ಪೀಠದ ಮೇಲೆ ಕದಲದೆ ನಿಲ್ಲುವ ಪ್ರತಿಮೆಗಳನ್ನು ಮಾಡುವ ಶಿಲ್ಪಿಯಲ್ಲ ಎಂದು ಶುರುಮಾಡಿ, ಈಜಿನಾದಿಂದ ಹೊರಡುವ ಪ್ರತಿ ಹಡಗು ದೋಣಿಯನ್ನೂ ಹತ್ತಿ ಸುದ್ದಿ ಸಾರು ಎಂದು ತನ್ನ ಹಾಡಿಗೇ ಅಪ್ಪಣೆ ಕೊಡುತ್ತಾನೆ. ಬ್ಯಾಕಿಲಿಡೀಸ್ ಹೆಕ್ಟರ್ ಮತ್ತು ಟ್ರೋಜನ್ನರು ಗ್ರೀಕರ ಹಡಗುಗಳ ಮೇಲೆ ಏರಿಬಂದ ಕಥೆಯನ್ನು ಬಿಡುವಾಗಿ, ವಿವರ ವಿವರವಾಗಿ ಹೇಳುತ್ತಾನೆ. ಸಂದರ್ಭ ಒಂದೇ, ಪ್ರಕಾರ ಒಂದೇ, ಹೊಗಳಿಸಿಕೊಂಡ ಮನೆತನವೂ ಒಂದೇ. ಎರಡರ ಇಂಗ್ಲಿಷ್ ಅನುವಾದಗಳೂ ಸುಲಭವಾಗಿ ಸಿಗುತ್ತವೆ. ಎದುರುಬದುರಾಗಿಟ್ಟು ಓದಿ, ಪ್ರಕಾರ ಕವಿಗೆ ಎಷ್ಟನ್ನು ಗೊತ್ತುಮಾಡಿಕೊಟ್ಟಿತ್ತು, ಎಷ್ಟನ್ನು ಅವನ ಇಷ್ಟಕ್ಕೆ ಬಿಟ್ಟಿತ್ತು ಎಂಬುದನ್ನೇ ನಿಮ್ಮ ಪ್ರಬಂಧದ ಮುಖ್ಯ ಭಾಗವಾಗಿ ಬರೆಯಬಹುದು.